ಶಾಲೆಗೆ ಹೋಗುವ ದಾರಿ ಡ್ಯೂಟಿ ಅಲ್ಲವಾ?

ಕೊಡಗಿನ ಸಿದ್ದಾಪುರದ ಕಡೆ ಬೆಳಗ್ಗೆ ಓಡಾಡುವವರಿಗೆ ಇದು ಗೊತ್ತು. ಮಳೆಗಾಲದಲ್ಲಿ ಕಾಫಿ ತೋಟಗಳ ನಡುವೆ ಸ್ಕೂಟರ್ ಓಡಿಸುವಾಗ ಒಂದು ಕಣ್ಣು ರಸ್ತೆ ಮೇಲೆ, ಇನ್ನೊಂದು ತೋಟದ ಬೇಲಿ ಮೇಲೆ ಇರಬೇಕು. ನಮ್ಮ ಶಾಲೆಯ ಟೀಚರೊಬ್ಬರು ಹಾಗೇ ಬರುತ್ತಿದ್ದರು. ತಿರುವು ದಾಟಿದ ಕೂಡಲೇ ಎದುರಿಗೆ ಆನೆ. ಬ್ರೇಕ್ ಹಿಡಿದರು, ಒದ್ದೆ ರಸ್ತೆಯಲ್ಲಿ ಸ್ಕೂಟರ್ ಜಾರಿತು. ಆನೆ ತನ್ನ ಪಾಡಿಗೆ ಪಕ್ಕದ ತೋಟಕ್ಕೆ ಇಳಿದುಹೋಯಿತು. ಟೀಚರ್ ಕಾಲಿನ ಮೂಳೆ ಮುರಿದಿತ್ತು.

ಅವರ ರಜೆ ಅರ್ಜಿ ಹಿಡಿದು ಕಚೇರಿಗೆ ಹೋದವಳು ನಾನು. "ಇದನ್ನು ಡ್ಯೂಟಿಯಲ್ಲಿ ಆದ ಅಪಘಾತ ಅಂತ ತಗೊಳ್ಳಿ ಸಾರ್" ಅಂದೆ. ಅಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು. "ಹಾಜರಿ ಪುಸ್ತಕಕ್ಕೆ ಸಹಿ ಬಿದ್ದಿಲ್ಲ ಅಲ್ವಾ ಮೇಡಂ? ಮನೆಯಿಂದ ಶಾಲೆಗೆ ಬರೋದು ಡ್ಯೂಟಿ ಆಗಲ್ಲ. ಕಮ್ಯೂಟೆಡ್ ಲೀವ್ ಹಾಕ್ಸಿ."

ನಮ್ಮ ಸೇವಾ ನಿಯಮಗಳಲ್ಲಿ ಸ್ಪೆಷಲ್ ಡಿಸೆಬಿಲಿಟಿ ಲೀವ್ ಅಂತ ಇದೆ. ಕೆಲಸ ಮಾಡುವಾಗ ಅಥವಾ ಕೆಲಸದ ಕಾರಣದಿಂದ ಪೆಟ್ಟಾದವರಿಗೆ ಅದು. ಸಿಕ್ಕರೆ ನಮ್ಮ ಖಾತೆಯ ರಜೆಗೆ ಕೈ ಬೀಳುವುದಿಲ್ಲ. ಕಮ್ಯೂಟೆಡ್ ಲೀವ್ ಹಾಗಲ್ಲ. ಅರ್ಧ ಸಂಬಳದ ರಜೆ ವರ್ಷಕ್ಕೆ 20 ದಿನ ಸೇರುತ್ತದೆ. ಅದನ್ನೇ ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದು ಕಮ್ಯೂಟೆಡ್ ಲೀವ್. ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತಾರೆ. ಅಂದರೆ 30 ದಿನ ಮಲಗಿದರೆ 3 ವರ್ಷದ ರಜೆ ಹೋಯಿತು. ಮುರಿದ ಕಾಲಿಗೆ 30 ದಿನ ಎಲ್ಲಿ ಸಾಕಾಗುತ್ತದೆ?

ಕಚೇರಿಯಿಂದ ಹೊರಗೆ ಬಂದಾಗ ನೆನಪಾದದ್ದು ಚುನಾವಣೆ. 2024ರ ಏಪ್ರಿಲ್ 26ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಆಗ ಇದೇ ಟೀಚರ್ ಇದೇ ರಸ್ತೆಯಲ್ಲಿ ತರಬೇತಿಗೆ ಹೋಗಿದ್ದರು. ಚುನಾವಣಾ ಆಯೋಗದ ಸೂಚನೆ ಸ್ಪಷ್ಟವಾಗಿದೆ. ಚುನಾವಣೆ ಕೆಲಸಕ್ಕೆ, ತರಬೇತಿಗೂ ಸೇರಿ, ಮನೆಯಿಂದ ಹೊರಟ ಗಳಿಗೆಯಿಂದ ವಾಪಸ್ ಬರುವ ತನಕ ಡ್ಯೂಟಿಯಲ್ಲಿದ್ದಂತೆ. ಜೀವ ಹೋದರೆ ಕುಟುಂಬಕ್ಕೆ ಕನಿಷ್ಠ 15 ಲಕ್ಷ ಪರಿಹಾರ. ಆ ಕೆಲಸಕ್ಕೂ ಪೆಟ್ಟಿಗೂ ಸಂಬಂಧ ಇರಬೇಕು, ಅಷ್ಟೇ. ಅವತ್ತು ಮನೆ ಬಾಗಿಲಿನಿಂದಲೇ ಡ್ಯೂಟಿ ಶುರು. ಮಕ್ಕಳಿಗೆ ಪಾಠ ಮಾಡಲು ಹೊರಟ ದಿನ ಮಾತ್ರ ಶಾಲೆ ಗೇಟಿನಿಂದ. ಇದು ನನಗೆ ನ್ಯಾಯ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ.

ಬೇರೆ ಕೆಲಸಗಾರರ ವಿಷಯದಲ್ಲಿ ಕಾನೂನು ಎಷ್ಟೋ ಮುಂದೆ ಹೋಗಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಲ್ಲಿ ಹೊರಟು, ಕಾರ್ಖಾನೆ ಇನ್ನೂ 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಕುಟುಂಬಕ್ಕೆ ಪರಿಹಾರ ಸಿಗಬೇಕು ಅಂದಿತು. ಹೊತ್ತು, ಜಾಗ, ಸಂದರ್ಭ ನೋಡಿದಾಗ ಕೆಲಸಕ್ಕೆ ನಂಟು ಇದೆ ಅಂತಾದರೆ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಅಂತ. ಇಎಸ್‌ಐ (ನೌಕರರ ರಾಜ್ಯ ವಿಮಾ) ಕಾಯಿದೆಗೆ 2010ರಲ್ಲೇ ಇಂಥ ಕಲಮು ಸೇರಿತ್ತು. ಆದರೆ ಆ ತೀರ್ಪಾಗಲಿ ಈ ಕಲಮಾಗಲಿ ನಮ್ಮಂಥ ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರುಗಳಿಗಾಗಿ ಇರುವವಲ್ಲ. ನಮಗೆ ಸೇವಾ ನಿಯಮವೇ ಗತಿ.

ಆ ಕಾವಲುಗಾರರಿಗೆ ಒಪ್ಪಿದ ತರ್ಕ ಕೊಡಗಿನ ಟೀಚರಿಗೆ ಯಾಕೆ ಒಪ್ಪಬಾರದು? ಶಾಲೆ ಎಲ್ಲಿರಬೇಕು, ಯಾರು ಎಲ್ಲಿಗೆ ಹೋಗಬೇಕು ಅಂತ ಇಲಾಖೆಯೇ ಹೇಳುತ್ತದೆ. ಊರೊಳಗೆ ಬಾಡಿಗೆ ಮನೆ ಸಿಗುವುದಿಲ್ಲ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಜೋರು ಮಳೆ ಬಂದರೆ ಮಕ್ಕಳು ಓಡಾಡುವುದು ಅಪಾಯ ಅಂತ ಜಿಲ್ಲಾಡಳಿತವೇ ರಜೆ ಕೊಡುತ್ತದೆ. ರಸ್ತೆ ಹೇಗಿದೆ ಅಂತ ಸರ್ಕಾರಕ್ಕೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಸ್ವಂತ ಕೆಲಸಕ್ಕೆ ಸುತ್ತಿಕೊಂಡು ಹೋಗುವಾಗ ಬಿದ್ದರೆ ಬೇಡ. ನೇರ ದಾರಿಯಲ್ಲಿ, ಶಾಲೆಯ ಹೊತ್ತಿಗೆ ಬರುವಾಗ ಬಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳುವುದು ಜಾಸ್ತಿ ಏನಲ್ಲ.

ಟೀಚರ್ ಮನೆಯಲ್ಲಿ ಕೂತು ಹೊಸ ಅರ್ಜಿ ಬರೆದೆವು. ಸ್ಪೆಷಲ್ ಡಿಸೆಬಿಲಿಟಿ ಲೀವ್ ಅಂತಲೇ ಹೆಸರಿಸಿದೆವು. ಬಿದ್ದ ಜಾಗ, ಹೊತ್ತು, ಮನೆಯಿಂದ ಶಾಲೆಗಿರುವ ದಾರಿ ಬರೆದು, ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್, ಶಾಲೆಯ ವೇಳಾಪಟ್ಟಿ ಲಗತ್ತಿಸಿದೆವು. ಆಗುವುದಿಲ್ಲ ಅಂತಾದರೆ ಯಾವ ನಿಯಮದ ಪ್ರಕಾರ ಅಂತ ಬರಹದಲ್ಲೇ ತಿಳಿಸಿ ಅಂತ ಕೊನೆಗೆ ಸೇರಿಸಿದ್ದೇವೆ. ಮೇಲಿನ ಕಚೇರಿಗೂ ಒಂದು ಪ್ರತಿ ಹೋಗಿದೆ. ಸ್ವೀಕೃತಿ ಸೀಲ್ ಬಿದ್ದ ಪ್ರತಿ ನಮ್ಮ ಹತ್ತಿರ ಇದೆ.