ಕನ್ನಡ ಓದುತ್ತಿರುವವರು ನರ್ಸಿಂಗ್‌ಗೆ ಬರಬಹುದೇ?

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ವಾರ್ಡಿನ ಕೆಲಸ ಮಾಡಿ, ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿರುವ ನನ್ನನ್ನು ಪ್ರತಿವರ್ಷ ಯಾರಾದರೊಬ್ಬರು ಹುಡುಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ನಾನು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದೇನೆ. ಇದನ್ನು ಬಿಟ್ಟು ನರ್ಸಿಂಗ್ ಸೇರಲೇ? ಹಾಗೆ ಸೇರಿದರೆ ಇಷ್ಟು ದಿನ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದಿಲ್ಲವೇ?" ನಾನೂ ಐಚ್ಛಿಕ ಕನ್ನಡದಲ್ಲಿ ಬಿ.ಎ. ಮುಗಿಸಿದ ಮೇಲೆಯೇ ಈ ವೃತ್ತಿಗೆ ಬಂದವಳು. ಆದ್ದರಿಂದ ಈ ಪ್ರಶ್ನೆಯ ಹಿಂದಿನ ಅಳುಕು ನನಗೆ ಗೊತ್ತು.

ಮೊದಲು ನಿಯಮದ ಮಾತು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮತ್ತು ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೆ ಈ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಅವರಿಗಿರುವುದು ಮೂರು ವರ್ಷದ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಶುಶ್ರೂಷೆ ಮತ್ತು ಹೆರಿಗೆ ಆರೈಕೆ) ಡಿಪ್ಲೊಮಾ; ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ ಶೇ. 40 ಅಂಕ ಪಡೆದಿದ್ದರೆ ಕಲಾ ವಿಭಾಗದವರೂ ಅದಕ್ಕೆ ಅರ್ಹರು. ಅದನ್ನು ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರರಾಗಬಹುದು. ನಾನು ಬಂದದ್ದು ಈ ಸುತ್ತುದಾರಿಯಲ್ಲಿಯೇ. ಒಂದು ವರ್ಷ ಹೆಚ್ಚು ಹಿಡಿಯಿತೆಂಬುದನ್ನು ಬಿಟ್ಟರೆ ಅದರಿಂದ ನಾನು ಕಳೆದುಕೊಂಡದ್ದು ಏನೂ ಇಲ್ಲ.

ಓದಿದ್ದು ವ್ಯರ್ಥವಾಗುತ್ತದೆಯೇ ಎಂಬುದಕ್ಕೆ ನನ್ನ ತರಬೇತಿಯ ಎರಡನೆಯ ವರ್ಷದ ಒಂದು ಬೆಳಗಿನ ಸಂಗತಿಯನ್ನು ಹೇಳಬೇಕು. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದಿದ್ದ ಒಂದು ಕುಟುಂಬದ ಹಿರಿಯ ಹೆಂಗಸು, ಕೆಮ್ಮು ಮತ್ತು ನಿಶ್ಶಕ್ತಿ ಎಂದು ನಮ್ಮ ವಾರ್ಡಿಗೆ ದಾಖಲಾಗಿದ್ದರು. ಕೇಸ್ ಶೀಟಿನಲ್ಲಿ ಸಂಜೆ ಹೊತ್ತು ಮೈಯುರಿ ಎಂದು ಬರೆದಿತ್ತು. ಬೆಳಗ್ಗೆ ನೋಡಿದರೆ ಜ್ವರವಿರಲಿಲ್ಲ. ನಾನು ಹಾಸಿಗೆ ಸರಿಪಡಿಸುತ್ತಿದ್ದಾಗ ಅವರು, "ಹೊತ್ತು ಮುಳುಗಿತಂದ್ರ ಉರಿ ಬರ್ತಾವ್ರೀ ಅಕ್ಕಾರ" ಎಂದರು. ಬಿ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳತಿ ಆ ಸೀಮೆಯವಳು. ಉಪಭಾಷೆಗಳ ಪಾಠ ಓದುವಾಗ ನಾವಿಬ್ಬರೂ ನಮ್ಮ ನಮ್ಮ ಊರಿನ ಮಾತುಗಳನ್ನು ಪಟ್ಟಿ ಮಾಡಿದ್ದೆವು. ಹಳೆ ಮೈಸೂರಿನ ಕಿವಿಗೆ ಉರಿಯೆಂದರೆ ಚುರುಚುರು ಎನ್ನುವ ಸಂಕಟ. ಅವರ ಮಾತಿನಲ್ಲಿ ಉರಿ ಬರುವುದೆಂದರೆ ಜ್ವರ ಬರುವುದು. "ಚಳಿಯೂ ಬರುತ್ತದಾ ಅಮ್ಮಾ?" ಎಂದು ಕೇಳಿದೆ. "ಹೌದ್ರೀ, ಮೊದ್ಲ ಥಂಡಿ ಹತ್ತತೈತಿ, ಆಮ್ಯಾಲ ಮೈ ಸುಡ್ತೈತಿ. ನಡುರಾತ್ರ್ಯಾಗ ಬೆವತು ಸೀರಿ ಎಲ್ಲ ತೊಯ್ದು ಹೋಗ್ತೈತ್ರೀ." ಕೆಮ್ಮಿನ ಜೊತೆಗೆ ದಿನವೂ ಸಂಜೆ ಏರುವ ಜ್ವರ ಮತ್ತು ರಾತ್ರಿಯ ಬೆವರು ಇದ್ದರೆ ಮೊದಲು ಕ್ಷಯವನ್ನು ಶಂಕಿಸಬೇಕೆಂದು ನಮಗೆ ಆಗಲೇ ಪಾಠವಾಗಿತ್ತು. ಓಡಿಹೋಗಿ ಸೀನಿಯರ್ ಸಿಸ್ಟರ್‌ಗೆ ಹೇಳಿದೆ, ಅವರು ಡ್ಯೂಟಿ ಡಾಕ್ಟರಿಗೆ ಹೇಳಿದರು, ಅಂದೇ ಕಫ ಪರೀಕ್ಷೆಗೆ ಬರೆದುಕೊಟ್ಟರು.

ತಪ್ಪು ಬರೆದವರನ್ನು ನಾನು ದೂರುವುದಿಲ್ಲ. ಆ ಪದ ಅವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ. ಆದರೆ ಬೀದರಿನಿಂದ ಚಾಮರಾಜನಗರದವರೆಗಿನ ರೋಗಿಗಳು ಕಿದ್ವಾಯಿಗೆ, ನಿಮ್ಹಾನ್ಸ್‌ಗೆ, ವಿಕ್ಟೋರಿಯಾಕ್ಕೆ ಬಂದು ಮಲಗುವ ಈ ಊರಿನಲ್ಲಿ, ಬ್ಯಾನಿ, ತ್ರಾಸು, ಜಡ್ಡು, ಜೋಮು, ತೊಳಸು ಎಂಬ ಒಂದೊಂದು ಮಾತನ್ನೂ ಅದು ಹುಟ್ಟಿದ ನೆಲದ ಅರ್ಥದಲ್ಲಿ ಕೇಳಿಸಿಕೊಳ್ಳಬಲ್ಲವರು ವಾರ್ಡಿನಲ್ಲಿ ಇರಲೇಬೇಕು. ಭಾಷೆಯನ್ನು ಶ್ರದ್ಧೆಯಿಂದ ಓದಿದವರಿಗೆ ಆ ಕಿವಿ ಬಂದಿರುತ್ತದೆ.

ಇಷ್ಟು ಹೇಳಿದ ಮೇಲೆ, ಕಿವಿಯೊಂದೇ ಸಾಲದು ಎಂದೂ ಹೇಳಲೇಬೇಕು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ಆರು ತಿಂಗಳು ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು. ಅದಕ್ಕಿಂತ ಕಷ್ಟದ್ದು ಮೈಯ ಕೆಲಸ. ಏಳಲಾರದ ರೋಗಿಗೆ ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಮಲಮೂತ್ರ ತೆಗೆಯಬೇಕು, ಮೈ ಒರೆಸಬೇಕು; ಹಬ್ಬದ ರಾತ್ರಿಯೂ ಪಾಳಿ ಬಂದರೆ ಹೋಗಬೇಕು. ಪರಿಚಿತರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಒಂದೆರಡು ರಾತ್ರಿ ಅವರ ಆರೈಕೆಗೆ ನಿಂತು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಳಗಿನ ಜಾವ ಮೂರು ಗಂಟೆಗೆ ರೋಗಿ ವಾಂತಿ ಮಾಡಿಕೊಂಡಾಗ ನಿಮ್ಮ ಕೈ ಮುಂದಕ್ಕೆ ಹೋಯಿತೋ ಹಿಂದಕ್ಕೆ ಬಂತೋ ಎಂಬುದು ನಿಮಗೇ ತಿಳಿಯುತ್ತದೆ. ಕನ್ನಡ ಬೇಸರವಾಯಿತೆಂಬ ಒಂದೇ ಕಾರಣಕ್ಕೆ ಬರುವವರನ್ನು ನಾನು ಬೇಡವೆಂದೇ ಕಳಿಸುತ್ತೇನೆ, ಏಕೆಂದರೆ ಇಲ್ಲಿ ಬೇಸರದ ಬೆಲೆಯನ್ನು ಕೊಡುವವರು ರೋಗಿಗಳು.

ಕಾಲೇಜಿನ ವಿಷಯದಲ್ಲಿ ಆತುರ ಬೇಡ. ಸೀಟು ಕೊಡಿಸುತ್ತೇವೆಂದು ಬರುವ ಏಜೆಂಟರಿಗೆ ಮುಂಗಡ ಕೊಡಬೇಡಿ. ಭಾರತೀಯ ಶುಶ್ರೂಷಾ ಪರಿಷತ್ತಿನ ಮತ್ತು ರಾಜ್ಯ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ನೋಡಿ. ವಿದ್ಯಾರ್ಥಿಗಳನ್ನು ತರಬೇತಿಗೆ ಕಳಿಸುವ ಆಸ್ಪತ್ರೆಗೆ ಖುದ್ದಾಗಿ ಹೋಗಿ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ಕಂಡು ಬನ್ನಿ. ಖಾಲಿ ಹಾಸಿಗೆಗಳ ಮುಂದೆ ನಿಂತು ಯಾರೂ ನರ್ಸಿಂಗ್ ಕಲಿಯಲಾರರು.

ಬಿ.ಎ. ಕೊನೆಯ ವರ್ಷದಲ್ಲಿರುವವರು ಪರೀಕ್ಷೆ ಬರೆದು ಪದವಿ ಮುಗಿಸಿಕೊಂಡೇ ಬರಲಿ. ಮೊದಲ ವರ್ಷದಲ್ಲಿರುವವರಿಗೆ ನನ್ನ ಉತ್ತರ ಬೇರೆ: ಆಸ್ಪತ್ರೆಯಲ್ಲಿ ಆರೈಕೆಯ ಆ ರಾತ್ರಿಗಳನ್ನು ಕಳೆದ ಮೇಲೂ ಮನಸ್ಸು ನರ್ಸಿಂಗ್ ಕಡೆಗೇ ಇದ್ದರೆ ಈ ವರ್ಷವೇ ಅರ್ಜಿ ಹಾಕಿ. ನನ್ನನ್ನು ಕಾಣಲು ಬರುವಾಗ ಪಿಯುಸಿ ಅಂಕಪಟ್ಟಿ ಜೊತೆಯಲ್ಲಿರಲಿ; ನಾವಿಬ್ಬರೂ ಮೊದಲು ಅದನ್ನು ಮುಂದಿಟ್ಟುಕೊಂಡು ಕೂರೋಣ.