ಸೀನಿಯರ್ ಪಕ್ಕದ ಕುರ್ಚಿ

ಹೊಸದಾಗಿ ವಕೀಲಿ ಸನ್ನದು ತಗೊಂಡ ಹುಡುಗ ಹುಡುಗಿಯರು ನನ್ನ ಹತ್ತಿರ ಜಾಸ್ತಿ ಕೇಳೋದು ಒಂದೇ ವಿಷಯ. ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ಸಾಗರದಲ್ಲೋ ಶಿವಮೊಗ್ಗದಲ್ಲೋ ಪ್ರಾಕ್ಟೀಸ್ ಶುರು ಮಾಡಬೇಕಾ ಅಂತ. ಊರು ಯಾವುದಾದರೂ ಆಗಲಿ, ಯಾರ ಆಫೀಸಿಗೆ ಸೇರುತ್ತೀರಿ ಅನ್ನೋದನ್ನು ಮೊದಲು ನೋಡಿ ಅಂತಲೇ ನಾನು ಹೇಳುತ್ತೇನೆ.

ಎಂಬಿಬಿಎಸ್ ಓದಿದವರಿಗೆ ಒಂದು ವರ್ಷ ಇಂಟರ್ನ್‌ಶಿಪ್ ಕಡ್ಡಾಯ. ಸಿಎ ಮಾಡುವವರಿಗೆ ಆರ್ಟಿಕಲ್‌ಶಿಪ್ ಇದೆ. ವಕೀಲರಿಗೆ ಸನ್ನದು ಕೊಡುವ ಮೊದಲು ಅಂಥ ತರಬೇತಿ ಇಲ್ಲ. ಬಾರ್ ಕೌನ್ಸಿಲ್ 1995ರಲ್ಲಿ ಒಂದು ವರ್ಷದ ತರಬೇತಿ ನಿಯಮ ತಂದಿತ್ತು, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಬಾರ್ ಪರೀಕ್ಷೆ ಬಂತು. ಪರೀಕ್ಷೆ ಪಾಸಾದವರಿಗೆ ಕಾಯ್ದೆ ಗೊತ್ತಿರಬಹುದು, ಆದರೆ ಕಕ್ಷಿದಾರ ಎದುರಿಗೆ ಕೂತು ಅಳುತ್ತಾ ಹೇಳಿದ ಕಥೆಯಲ್ಲಿ ಕೋರ್ಟಿಗೆ ಬೇಕಾದ್ದು ಯಾವುದು ಅಂತ ಹೆಕ್ಕಿ ತೆಗೆಯೋದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು.

ನಮ್ಮ ಕಡೆ ಸಿವಿಲ್ ಕೇಸು ಅಂದರೆ ಹೆಚ್ಚಾಗಿ ತೋಟ, ಗದ್ದೆ, ಬೇಲಿ, ಕಾಲುದಾರಿ, ಸೊಪ್ಪಿನ ಬೆಟ್ಟ. ನನ್ನ ಸೀನಿಯರ್ ಯಾವ ಜಮೀನಿನ ಕೇಸು ಬಂದರೂ ಮೊದಲು ಹಳೆ ಪಹಣಿಗಳನ್ನೆಲ್ಲ ವರ್ಷದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಹರಡುತ್ತಿದ್ದರು. ಕಾಲಂ 9ರಲ್ಲಿ ಮಾಲೀಕರ ಹೆಸರು. ಅದನ್ನು ಯಾರಾದರೂ ನೋಡುತ್ತಾರೆ. ಅವರ ಬೆರಳು ಹೋಗುತ್ತಿದ್ದದ್ದು 12(2)ಕ್ಕೆ, ಸಾಗುವಳಿ ಯಾರದು ಅಂತ ಬರೆದಿರುವ ಜಾಗಕ್ಕೆ. ‘ಇಲ್ಲಿ ಹೆಸರು ಯಾವ ವರ್ಷ ಬದಲಾಯ್ತು? ಯಾವ ಎಂಆರ್ ನಂಬರ್ ಮೇಲೆ ಬದಲಾಯ್ತು? ಅದನ್ನ ಹುಡುಕು’ ಅನ್ನುತ್ತಿದ್ದರು. ಎಂಆರ್ ಅಂದರೆ ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ರಿಜಿಸ್ಟರ್. ಗೇಣಿದಾರನಿಗೇ ಜಮೀನು ಕೊಡಿಸಿದ ಭೂಸುಧಾರಣೆ ಕಾಯ್ದೆಯಲ್ಲಿ 1974ರ ಮಾರ್ಚ್ 1ಕ್ಕೆ ಯಾಕೆ ಅಷ್ಟು ತೂಕ, ಆ ದಿನಕ್ಕೆ ಮುಂಚೆ ಗೇಣಿ ಮಾಡುತ್ತಿದ್ದವನ ಹೆಸರು ಪಹಣಿಯಲ್ಲಿ ಇದೆಯೋ ಇಲ್ಲವೋ ಅನ್ನೋದರ ಮೇಲೆ ಒಂದು ಮನೆತನದ ಬದುಕು ಹೇಗೆ ನಿಂತಿತ್ತು ಅನ್ನೋದು ಕಾಲೇಜಲ್ಲಿ ಓದಿದಾಗ ನನಗೆ ಅರ್ಥವೇ ಆಗಿರಲಿಲ್ಲ, ಆ ಮೇಜಿನ ಮುಂದೆ ಕೂತಾಗ ಆಯ್ತು. 1951ರಲ್ಲಿ ಗೇಣಿದಾರರು ಎದ್ದು ನಿಂತ ಕಾಗೋಡು ಇರೋದು ನಮ್ಮ ತಾಲ್ಲೂಕಿನಲ್ಲೇ ಅಲ್ವಾ, ಇಲ್ಲಿ ವಕೀಲಿ ಮಾಡುವವರಿಗೆ ಇದು ಗೊತ್ತಿರಲೇಬೇಕು.

ಇನ್ನೊಂದು, ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಮಾಡೋದು. ಈಗ ನನ್ನ ಜೊತೆ ಇರುವ ಜೂನಿಯರ್ ಒಂದು ಬೇಲಿ ತಕರಾರಿನಲ್ಲಿ ಪ್ರಶ್ನೆಗಳನ್ನು ಚೆನ್ನಾಗಿ ಬರೆದುಕೊಂಡು ಬಂದಿದ್ದಳು. ಬೇಲಿ ಯಾವಾಗ ಹಾಕಿದ್ರಿ ಅಂತ ಒಂದು ಪ್ರಶ್ನೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಂತ ಸಾಕ್ಷಿ ಹೇಳಬಹುದು, ಅಷ್ಟು ನಮಗೆ ಸಾಕು. ಆದರೆ ಅದರ ಕೆಳಗೆ ‘ಅಂದರೆ ಅದಕ್ಕೂ ಮೊದಲು ಅಲ್ಲಿ ಬೇಲಿ ಇರಲಿಲ್ಲ?’ ಅಂತ ಬರೆದಿದ್ದಳು. ನಾನು ಪೆನ್ಸಿಲಿನಲ್ಲಿ ಅದನ್ನು ಹೊಡೆದೆ. ಯಾಕೆ ಅಂದಳು. ಆ ಪ್ರಶ್ನೆ ಕೇಳಿದರೆ ಸಾಕ್ಷಿಗೆ ದಾರಿ ಸಿಗುತ್ತೆ, ‘ಇತ್ತು ಸ್ವಾಮಿ, ಗೂಟ ಗೆದ್ದಲು ಹಿಡಿದು ಬಿದ್ದಿತ್ತು, ಹೊಸದು ಹಾಕಿದ್ವಿ’ ಅಂದುಬಿಟ್ಟರೆ ಮುಗೀತು. ಎಲ್ಲಿ ನಿಲ್ಲಿಸಬೇಕು ಅನ್ನೋದು ಅವಳಿಗೆ ಅವತ್ತು ಗೊತ್ತಾಯ್ತು.

ಇದೆಲ್ಲ ಜೂನಿಯರ್‌ಗೆ ಆಗುವ ಲಾಭ ಅಂತ ಎಲ್ಲರೂ ಒಪ್ಪುತ್ತಾರೆ. ಸೀನಿಯರ್‌ಗೂ ಅಷ್ಟೇ ಲಾಭ ಇದೆ ಅಂದರೆ ಸುಮ್ನೆ ದೊಡ್ಡ ಮನಸ್ಸಿನ ಮಾತು ಅಂದುಕೊಳ್ಳುತ್ತಾರೆ. ಅಲ್ಲ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಗೆ 302 ಇದ್ದದ್ದು 103 ಆಯ್ತು, ಮೋಸಕ್ಕೆ 420 ಇದ್ದದ್ದು 318ಕ್ಕೆ ಹೋಯ್ತು. 1872ರ ಸಾಕ್ಷ್ಯ ಕಾಯ್ದೆಯೂ ಬದಲಾಯ್ತು. ನಮ್ಮಂಥವರ ಬಾಯಲ್ಲಿ ಹಳೆ ಕಲಮುಗಳು ನಿದ್ದೆಯಲ್ಲೂ ಬರುತ್ತವೆ. ಹೊಸದು ನನ್ನ ಜೂನಿಯರ್‌ಗೆ ಬೇಗ ಬಂತು. ಆದರೆ ಆ ತಾರೀಖಿಗೆ ಮೊದಲು ನಡೆದ ಅಪರಾಧಕ್ಕೆ ಈಗಲೂ ಐಪಿಸಿಯೇ ಅನ್ವಯ, ಅಂಥ ಕೇಸುಗಳು ಇನ್ನೂ ಬಹಳ ಕಾಲ ನಡೆಯುತ್ತವೆ. ಹಾಗಾಗಿ ಅವಳಿಗೆ ನನ್ನ ಹಳೆಯದು ಬೇಕು, ನನಗೆ ಅವಳ ಹೊಸದು ಬೇಕು. ಸಂಜೆ ಕಕ್ಷಿದಾರರು ಹೋದ ಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತೇವೆ. ವಾಟ್ಸಾಪ್ ಮೆಸೇಜನ್ನು ಸಾಕ್ಷ್ಯವಾಗಿ ಹಾಜರು ಮಾಡುವಾಗ ಕೊಡಬೇಕಾದ ಸರ್ಟಿಫಿಕೇಟು ಹಿಂದೆ ಸಾಕ್ಷ್ಯ ಕಾಯ್ದೆಯ ಕಲಮು 65ಬಿ, ಈಗ ಹೊಸ ಸಾಕ್ಷ್ಯ ಕಾಯ್ದೆಯ 63. ಅದರ ನಮೂನೆಯನ್ನು ನನಗೆ ಓದಿ ಹೇಳಿದ್ದು ಅವಳೇ.

ಅದಕ್ಕಿಂತ ದೊಡ್ಡದು ಅವಳ ‘ಯಾಕೆ’. ವರ್ಷಗಟ್ಟಲೆ ಅಭ್ಯಾಸದಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಒಬ್ಬರ ಎದುರು ಕಾರಣ ಹೇಳಬೇಕಾದಾಗ ಆ ಕಾರಣ ಇನ್ನೂ ಗಟ್ಟಿಯಾಗಿದೆಯಾ ಅಂತ ನೋಡಲೇಬೇಕಾಗುತ್ತೆ. ಕಾರಣ ಸಡಿಲ ಇದ್ದರೆ ಅಲ್ಲೇ ಗೊತ್ತಾಗುತ್ತೆ.

ತಾರೀಖು ತಗೊಂಡು ಬಾ, ಫೈಲ್ ತಗೊಂಡು ಬಾ ಅಂತ ಓಡಾಡಿಸೋದನ್ನು ನಾನು ಕಲಿಸೋದು ಅಂತ ಒಪ್ಪಲ್ಲ. ಅದೂ ಕೆಲಸವೇ, ಮಾಡಬೇಕು. ಆದರೆ ಕಕ್ಷಿದಾರ ಬಂದಾಗ ಜೂನಿಯರನ್ನು ಹೊರಗೆ ಕಳಿಸಬೇಡಿ. ಪಕ್ಕದಲ್ಲೇ ಕುರ್ಚಿ ಹಾಕಿ, ಅವರು ಹೋದ ಮೇಲೆ ‘ನಿನಗೇನು ಅನ್ನಿಸ್ತು’ ಅಂತ ಮೊದಲು ಅವರನ್ನೇ ಕೇಳಿ.

ದುಡ್ಡಿನ ಮಾತನ್ನೂ ಬಿಡಬಾರದು. ಜೂನಿಯರ್‌ಗಳಿಗೆ ತಿಂಗಳಿಗೆ ಪೇಟೆಯಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟಿದೆ. ಕಡ್ಡಾಯ ಅಲ್ಲ. ತಾಲ್ಲೂಕು ಕೋರ್ಟಿನ ಎಲ್ಲ ವಕೀಲರಿಗೂ ಅಷ್ಟು ಕೊಡೋಕೆ ಆಗಲ್ಲ, ನನಗೆ ಗೊತ್ತು. ಆದರೆ ಹೊಸನಗರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗುವ ಹುಡುಗನಿಗೆ ಏನೂ ಕೊಡದೆ ‘ಕಲಿಯೋಕೆ ಬಂದಿದ್ದಾನಲ್ಲ’ ಅಂದರೆ, ಮನೆ ಕಡೆ ಅನುಕೂಲ ಇದ್ದವರ ಮಕ್ಕಳು ಮಾತ್ರ ಈ ವೃತ್ತಿಯಲ್ಲಿ ಉಳಿಯುತ್ತಾರೆ. ನಿಮ್ಮ ಕೈಲಾದ ಒಂದು ಮೊತ್ತವನ್ನು ಸೇರಿದ ದಿನವೇ ಹೇಳಿ, ಪ್ರತಿ ತಿಂಗಳು ಅವರು ಕೇಳುವ ಮೊದಲೇ ಕೊಟ್ಟುಬಿಡಿ.