ಕರಾಟೆಯೋ ಜೂಡೋವೋ: ಒಮ್ಮೆ ಬರೆದುಬಿಡುತ್ತೇನೆ, ಇನ್ನು ಕೇಳಬೇಡಿ

"ಸರ್, ನಿಜವಾಗ್ಲೂ ಯಾರಾದ್ರೂ ಮೈಮೇಲೆ ಬಂದ್ರೆ ಯಾವುದು ಉಪಯೋಗ ಆಗ್ತದೆ? ಕರಾಟೆನೋ, ಜೂಡೋನೋ, ಕುಂಗ್ ಫೂನೋ?"

ಕಾರವಾರದಲ್ಲಿ ಹದಿನೆಂಟು ವರ್ಷದಿಂದ ಕರಾಟೆ ಕಲಿಸುತ್ತಿದ್ದೇನೆ. ಈ ಪ್ರಶ್ನೆಯನ್ನು ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿ ತೆರೆಸಿ, ಒಳಗೆ ಹತ್ತಿ ತುರುಕಿ, ಆಮೇಲೆ ಕೇಳಿದ್ದಾರೆ. ಕೇಳುವವರ ಧಾಟಿ ಮಾತ್ರ ಮಿಕ್ಸಿ ಕೊಳ್ಳಲು ಬಂದವರದ್ದು. ಯಾವ ಕಂಪನಿ ಒಳ್ಳೇದು, ಎಷ್ಟು ವರ್ಷ ಬಾಳಿಕೆ ಬರ್ತದೆ. ಅದರ ಬೆನ್ನಿಗೇ ಎರಡನೆಯದು: "ಏಪ್ರಿಲ್-ಮೇ ರಜೆಯಲ್ಲಿ ಮುಗೀತದಲ್ಲ?"

ಇನ್ನೊಂದು ಗಮನಿಸಿದ್ದೇನೆ. ಮಗನನ್ನು ಕರೆತರುವವರು "ಸ್ವಲ್ಪ ಶಿಸ್ತು ಬರ್ಲಿ" ಅನ್ನುತ್ತಾರೆ. ಮಗಳನ್ನು ಕರೆತರುವವರು "ಸೆಲ್ಫ್ ಡಿಫೆನ್ಸ್" ಅನ್ನುತ್ತಾರೆ. ನಿಮ್ಮ ಮಗನಿಂದ ಬೇರೆಯವರ ಮಗಳಿಗೆ ಡಿಫೆನ್ಸ್ ಬೇಕಾದೀತು ಎಂದು ಯಾರ ತಲೆಗೂ ಬಂದದ್ದು ಕಾಣೆ. ಹೀಗೆ ಹೇಳಿದ್ದಕ್ಕೆ ಒಬ್ಬರು ಕಟ್ಟಿದ್ದ ಫೀ ವಾಪಸ್ ಕೇಳಿದರು. ಕೊಟ್ಟೆ.

ಸರಿ, ಉತ್ತರ. ಅವಸರದಲ್ಲಿರುವವರು ಈ ಎರಡು ಪ್ಯಾರಾ ಓದಿ ಹೊರಡಬಹುದು. ವಿದ್ಯೆಯ ಹೆಸರು ಬಿಡಿ. ಆ ಕ್ಲಾಸಿಗೆ ಹೋಗಿ ಒಂದು ಗಂಟೆ ಮೂಲೆಯಲ್ಲಿ ಕೂತು ನೋಡಿ. ಮಕ್ಕಳೆದುರು ಇನ್ನೊಬ್ಬರು ನಿಂತಿದ್ದಾರೆಯೇ? ಆ ಇನ್ನೊಬ್ಬರು ಬೀಳಲು ಒಪ್ಪದೆ, ಬಿಗಿಹಿಡಿದು ಜಗ್ಗುತ್ತಿದ್ದಾರೆಯೇ? ಹಾಗಿದ್ದರೆ ಸೇರಿಸಿ. ಎಲ್ಲರೂ ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರೆ ಮೈ ಸಪೂರ ಆಗ್ತದೆ, ಅಷ್ಟೇ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ, ಹನ್ನೆರಡು ಚಾಪೆಯ ಜಾಗದಲ್ಲಿ ಜೂಡೋ ಶುರು ಮಾಡಿದಾಗ ಮಾಡಿದ ಜಾಣತನ ಇದೇ. ಜೂಡೋಗೆ ಮೂಲವಾದ ಹಳೆಯ ಜುಜುತ್ಸುವಿನಲ್ಲಿ ಕಣ್ಣು ಕೀಳುವ, ಬೆರಳು ಮುರಿಯುವ ಪಟ್ಟುಗಳಿದ್ದವು. ಅವನ್ನು ಗೆಳೆಯನ ಮೇಲೆ ದಿನಾ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಲು ಬರುವುದಿಲ್ಲ. ಮಾಡಿದರೆ ನಾಳೆಗೆ ಗೆಳೆಯ ಇರುವುದಿಲ್ಲ. ಕಾನೊ ಅವನ್ನೆಲ್ಲ ಬದಿಗಿಟ್ಟು, ಪೂರ್ತಿ ಬಲ ಹಾಕಿದರೂ ಇಬ್ಬರೂ ಎದ್ದು ಮನೆಗೆ ಹೋಗಬಹುದಾದ ಪಟ್ಟುಗಳನ್ನು ಉಳಿಸಿಕೊಂಡ. ಕಡಿಮೆ ಅಪಾಯದ ವಿದ್ಯೆ ಹೆಚ್ಚು ಕೆಲಸಕ್ಕೆ ಬಂದದ್ದು ಹಾಗೆ.

ಬಾಕ್ಸಿಂಗ್ ಕೂಡ ಇದೇ ಲೆಕ್ಕ. ಕುಸ್ತಿಯೂ ಇದೇ. ಘಟ್ಟ ಹತ್ತಿದರೆ ನಮ್ಮದೇ ಜಿಲ್ಲೆಯ ಹಳಿಯಾಳ, ಅಲ್ಲಿ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುತ್ತಾರೆ. "ಕುಸ್ತಿಗೆ ಹಾಕಿ" ಎಂದರೆ ಕಾರವಾರದ ತಾಯಂದಿರು ನನ್ನನ್ನು ನೋಡುವ ನೋಟ ನೋಡಬೇಕು. ಬಿಳಿ ಬಟ್ಟೆ ಬೇಕು, ಬಣ್ಣದ ಬೆಲ್ಟ್ ಬೇಕು, ಫೋಟೊ ಬೇಕು. ನಾನು ಕಲಿಸುವ ಕಟಾ, ಅಂದರೆ ಎದುರಾಳಿಯಿಲ್ಲದೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ-ತಡೆಗಳ ಅಭ್ಯಾಸ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಪಾಡಿನ ಮೇಲೆ ನಾನೇ ಕಲ್ಲು ಹಾಕಿಕೊಂಡ ಹಾಗಾದರೂ ಸರಿ. ಬರೀ ಕಟಾ ಮಾಡಿ ಹೊಡೆದಾಟ ಬರ್ತದೆ ಅನ್ನುವುದು, ರಂಗಸ್ಥಳದಲ್ಲಿ ಮಂಡಿ ತಿರುಗುವ ವೇಷಧಾರಿಯನ್ನು ಗಡಿಗೆ ಕಳಿಸಿದ ಹಾಗೆ. ನೋಡಲು ಚೆಂದ, ಮಂಡಿಗೂ ವ್ಯಾಯಾಮ.

ಮೊಬೈಲ್ ನೋಡಿಕೊಂಡು ಬರುವ ಹುಡುಗರದ್ದು ಬೇರೆ ಪಾಠ. ಅವರಿಗೆ 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ, ಅಂದರೆ ಬೇರೆ ಬೇರೆ ವಿದ್ಯೆಯವರ ಹೊಡೆದಾಟದ ಪಂದ್ಯ, ಬಾಯಿಪಾಠ. ಸಪೂರ ಮೈಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ, ಹಾಗಾಗಿ ಬ್ರೆಜಿಲಿಯನ್ ಜಿಯು-ಜಿತ್ಸುವೇ ಶ್ರೇಷ್ಠ. ನಿಜ, ಗೆದ್ದ. ಆ ವಿದ್ಯೆ ಬ್ರೆಜಿಲ್‌ಗೆ ಹೋದದ್ದು ಇದೇ ಕಾನೊವಿನ ಶಿಷ್ಯ ಮಾಯೆದಾನ ಕೈಯಿಂದ. ಆದರೆ ಆ ಪಂದ್ಯದಲ್ಲಿ ಒಂದು ಸಲಕ್ಕೆ ಎದುರಾಳಿ ಒಬ್ಬನೇ, ನೆಲ ಒಣಗಿತ್ತು, ಅವನ ಅಣ್ಣ-ತಮ್ಮಂದಿರು ಬಂದು ಹಿಂದಿನಿಂದ ಒದೆಯುವ ಹಾಗಿರಲಿಲ್ಲ. ಇಸ್ರೇಲಿನ ಆತ್ಮರಕ್ಷಣೆಯ ವಿದ್ಯೆ ಕ್ರಾವ್ ಮಗಾ ಅನ್ನುವವರಿಗೂ ಒಂದು ಮಾತು. ಅದನ್ನು ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ ಮೊದಲೇ ಕುಸ್ತಿ, ಬಾಕ್ಸಿಂಗ್ ಎರಡರಲ್ಲೂ ಪಳಗಿದವನು. ಶನಿವಾರ-ಭಾನುವಾರದ ಶಿಬಿರದಲ್ಲಿ ಅವನ ಪಟ್ಟು ಸಿಗಬಹುದು, ಅವನ ಪಳಗಿಕೆ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಯಾರಾದರೂ ಒಬ್ಬರು ಮೆಲ್ಲಗೆ ನಕ್ಕು ಕೇಳಿಯೇ ಕೇಳುತ್ತಾರೆ: "ಸರ್, ಆವತ್ತು ಮೀನು ಮಾರ್ಕೆಟ್ ಹತ್ರ ಏನೋ ಆಗಿತ್ತಂತೆ?"

ಆಗಿತ್ತು. ಊರಿಗೆಲ್ಲ ಗೊತ್ತಿರುವುದನ್ನು ನಾನೇ ಬರೆದರೆ ಒಳ್ಳೆಯದು, ಕಡೇಪಕ್ಷ ಏಟುಗಳ ಸಂಖ್ಯೆಯಾದರೂ ಸರಿ ಇರ್ತದೆ. ಒಂದೇ ಏಟು.

2023ರ ಆಗಸ್ಟ್ ಮೊದಲ ವಾರ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟು ಆಗಷ್ಟೇ ನೀರಿಗಿಳಿದಿದ್ದವು. ಎರಡು ತಿಂಗಳು ಒಣಮೀನು, ಮೊಟ್ಟೆ ತಿಂದು ಬೇಸತ್ತ ಮನೆಗೆ ತಾಜಾ ಬಂಗಡೆ ಒಯ್ಯುತ್ತಿದ್ದೆ. ಜಿಟಿಜಿಟಿ ಮಳೆ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಬಂಗಡೆಯ ಚೀಲ, ಕಾಲಲ್ಲಿ ಹಿಂಬದಿ ಸವೆದ ಹವಾಯಿ ಚಪ್ಪಲಿ. ದಾರಿಗೆ ಅಡ್ಡ ನಿಲ್ಲಿಸಿದ್ದ ಸ್ಕೂಟರಿನ ವಿಷಯಕ್ಕೆ ಇಬ್ಬರು ಕೂಗಾಡುತ್ತಿದ್ದರು. ಒಬ್ಬ ಹೊತ್ತಿಗೆ ಮುಂಚೆಯೇ ಕುಡಿದಿದ್ದ. "ಸಾಕು ಬಿಡಿ ಮಾರಾಯ್ರೇ" ಎಂದೆ. ಕುಡಿದವನು ತಿರುಗಿದ, ಕೆನ್ನೆಗೆ ಬಿಟ್ಟ.

ಮೊದಲು ಕೇಳಿದ್ದು ಸದ್ದು. ಅದು ನನ್ನ ಕೆನ್ನೆಯದೇ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಣ್ಣಿಗೆ ಕಂಡದ್ದು ಅವನ ಅಂಗಿಯ ಎರಡನೇ ಗುಂಡಿ ಮಾತ್ರ. ಬಿಳಿ ಗುಂಡಿ, ಅದಕ್ಕೆ ಹಸಿರು ದಾರ ಹಾಕಿ ಹೊಲಿದಿದ್ದರು. ಅವನ ಮುಖ ಇವತ್ತಿಗೂ ನೆನಪಿಲ್ಲ. ಹೆದರಿಕೆಯಲ್ಲಿ ದೃಷ್ಟಿ ಕೊಳವೆಯ ಹಾಗೆ ಕಿರಿದಾಗ್ತದೆ, ಬೆರಳು ಮಾತು ಕೇಳುವುದಿಲ್ಲ ಎಂದು ಮಕ್ಕಳಿಗೆ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನೇ ನಾನು. ಹೇಳಿಕೊಟ್ಟವನಿಗೆ ರಿಯಾಯಿತಿ ಇಲ್ಲ ಎಂದು ಆವತ್ತು ತಿಳಿಯಿತು. ಇಪ್ಪತ್ತಾರು ವರ್ಷದ ಅಭ್ಯಾಸ ಆಗ ಏನು ಮಾಡಿಸಿತು ಗೊತ್ತೇ? ಎಡಗಾಲು ಹಿಂದಕ್ಕೆ ಹೋಯಿತು, ಮೈ ಓರೆಯಾಯಿತು, ಬಲಗೈ ಸೀದಾ ಬೆನ್ನ ಹಿಂದೆ ಹೋಗಿ ಬಂಗಡೆಯನ್ನು ಕಾಪಾಡಿತು. ಕೊಡೆಯನ್ನೂ ಬಿಡಲಿಲ್ಲ. ಕರಾಟೆಯ ದೊಡ್ಡ ಗುರು ಗಿಚಿನ್ ಫುನಾಕೊಶಿ ಕರಾಟೆಯಲ್ಲಿ ಮೊದಲ ಏಟು ಇಲ್ಲ ಎಂದಿದ್ದರು. ನನ್ನ ಕರಾಟೆಯಲ್ಲಿ ಎರಡನೆಯದೂ ಬರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಡೆದೆ, ಅವನು ಮತ್ತೆ ಸ್ಕೂಟರಿನ ಕಡೆ ತಿರುಗಿದ, ನಾನು ಮನೆಗೆ ಹೋದೆ. ಬಂಗಡೆ ಚೆನ್ನಾಗಿತ್ತು.

ಸಂಜೆ ಕ್ಲಾಸಿನ ಹೊತ್ತಿಗೆ ಸುದ್ದಿ ಕೋಡಿಬಾಗ ದಾಟಿತ್ತು. ಮರುದಿನ ಇಬ್ಬರು ಮಕ್ಕಳು ಬರಲಿಲ್ಲ. ಒಬ್ಬರ ತಂದೆ ಫೋನು ಮಾಡಿ, ನನಗೆ ಪೆಟ್ಟಾಯಿತೇ ಎಂದು ಕೇಳದೆ, "ಹಾಗಾದ್ರೆ ಕುಂಗ್ ಫೂ ಒಳ್ಳೇದಾ ಸರ್?" ಎಂದರು.

ತಿರುಗಿ ಯಾಕೆ ಹೊಡೆಯಲಿಲ್ಲ ಎಂದು ಕೇಳುವವರಿಗೆ ಎರಡು ಉತ್ತರ ಇಟ್ಟುಕೊಂಡಿದ್ದೇನೆ. ಮೊದಲನೆಯದು ಕಾನೂನಿನದು, ಗತ್ತಾಗಿ ಹೇಳಲು ಬರ್ತದೆ. ಬ್ಲ್ಯಾಕ್ ಬೆಲ್ಟ್ ಆದವರು ಕೈಯನ್ನು ಪೊಲೀಸ್ ಠಾಣೆಯಲ್ಲಿ ರಿಜಿಸ್ಟರ್ ಮಾಡಿಸಬೇಕಂತೆ ಹೌದಾ ಎಂದು ಕೇಳುತ್ತೀರಲ್ಲ, ಅಂಥ ಕಾನೂನು ಇಲ್ಲ. ಇರುವುದು ಆತ್ಮರಕ್ಷಣೆಯ ಹಕ್ಕು. ಆಗ ಅದು ಐಪಿಸಿಯ 96ರಿಂದ 106ನೇ ಸೆಕ್ಷನ್‌ಗಳಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ಅದರಲ್ಲಿ 37ನೆಯದು ನೆನಪಿಟ್ಟುಕೊಳ್ಳಿ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಬೆನ್ನು ತಿರುಗಿಸಿದವನನ್ನು ಅಟ್ಟಿಕೊಂಡು ಹೋಗಿ ಒದ್ದರೆ ಅದು ಡಿಫೆನ್ಸ್ ಆಗಿ ಉಳಿಯುವುದಿಲ್ಲ, ಕೇಸಿನಲ್ಲಿ ಆರೋಪಿ ನೀವೇ. ಎರಡನೆಯ ಉತ್ತರ: ಹೆದರಿದ್ದೆ. ಬಂಗಡೆಯೂ ಇತ್ತು.

ಇನ್ನು ನೀವು ಕೇಳದ ಪ್ರಶ್ನೆ. ಹೆಣ್ಣುಮಕ್ಕಳ ತಂದೆ-ತಾಯಿ ಬಂದಾಗಲೆಲ್ಲ ಇದನ್ನು ಕೇಳಿಯಾರು ಎಂದು ಕಾಯುತ್ತೇನೆ, ಕೇಳುವುದಿಲ್ಲ: "ಸರ್, ಇವಳಿಗೆ ಯಾರ ಹೆದರಿಕೆ ಅಂತ ಹೇಗೆ ತಿಳ್ಕೊಳ್ಳೋದು?" ನಿಮ್ಮ ಕಣ್ಣಮುಂದೆ ಇರುವುದು ಕತ್ತಲ ಗಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿದ ಅಪರಿಚಿತ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿ ತೆಗೆದು ನೋಡಿ. ವರ್ಷ ವರ್ಷವೂ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಯದವನೇ. ನೆಂಟ, ನೆರೆಯವ, ಮನೆಗೆ ಬಂದುಹೋಗುವ ಸ್ನೇಹಿತ. ಊಟಕ್ಕೆ ಬಂದು, "ಎಷ್ಟು ದೊಡ್ಡವಳಾದೆ" ಎಂದು ಹತ್ತಿರ ಕರೆಯುವವನ ಮೂಗಿಗೆ ಯಾವ ಹುಡುಗಿ ಗುದ್ದಿಯಾಳು? ಗುದ್ದಿದರೆ ನೀವೇ ಅವಳಿಗೆ ನಾಲ್ಕು ಬಿಗಿದು, ಕ್ಷಮೆ ಕೇಳಿಸುತ್ತೀರಿ.

ನಾನೇನೂ ಸಾಚಾ ಅಲ್ಲ. ನನ್ನ ಕ್ಲಾಸಿನ ಮೊದಲ ಪಾಠ ಏನು? ಸಾಲಾಗಿ ನಿಲ್ಲಿ, ತಲೆ ಬಗ್ಗಿಸಿ, ಸರ್ ಏನು ಹೇಳಿದರೂ "ಓಸ್" ಎನ್ನಿ. ಗಂಡಸೊಬ್ಬ ಹೇಳಿದ್ದಕ್ಕೆ ಎದುರು ಮಾತಾಡದಿರುವುದನ್ನು ವಾರಕ್ಕೆ ಮೂರು ಸಲ ಅಭ್ಯಾಸ ಮಾಡಿಸಿ, ಅದಕ್ಕೆ ಆತ್ಮರಕ್ಷಣೆ ಎಂದು ಬೋರ್ಡು ಹಾಕಿ ಫೀ ತೆಗೆದುಕೊಳ್ಳುತ್ತಿದ್ದೇನೆ.

ಇದು ನನಗೆ ತಾನಾಗಿ ಹೊಳೆದದ್ದಲ್ಲ. ಕಳೆದ ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಸೇರಿದಳು. ಮಾತು ಕಡಿಮೆ. ಝೆನ್‌ಕುತ್ಸು ದಾಚಿ, ಅಂದರೆ ಮುಂಗಾಲು ಬಗ್ಗಿಸಿ ಹಿಂಗಾಲು ನೀಳ ಮಾಡಿ ನಿಲ್ಲುವ ಭಂಗಿ, ಅವಳಿಗೆ ಸೊಂಟ ಓರೆಯಾಗಿ ಬರುತ್ತಿತ್ತು. ಎಲ್ಲರಿಗೂ ಮಾಡುವ ಹಾಗೆ ಹಿಂದೆ ನಿಂತು ಸೊಂಟ ಹಿಡಿದು ತಿರುಗಿಸಲು ಹೋದೆ. ಅವಳು ಭಂಗಿ ಬಿಡದೆ, ಮುಂದೆ ನೋಡುತ್ತಲೇ, "ಸರ್, ಬಾಯಲ್ಲಿ ಹೇಳಿ. ನಾನೇ ಸರಿ ಮಾಡ್ಕೊಳ್ತೇನೆ" ಎಂದಳು.

ಇಡೀ ಹಾಲ್ ನಿಶ್ಶಬ್ದ. ಸುಳ್ಳು ಹೇಳುವುದಿಲ್ಲ, ನನಗೆ ಸಿಟ್ಟು ಬಂತು. ನನ್ನ ಮಗಳಿಗಿಂತ ಚಿಕ್ಕವಳು, ಏನಂದುಕೊಂಡಿದ್ದಾಳೆ ನನ್ನನ್ನು? ಹದಿನೆಂಟು ವರ್ಷದಲ್ಲಿ ಒಬ್ಬರೂ ಹೀಗೆ ಹೇಳಿಲ್ಲ. ಎಲ್ಲರಿಗೂ ಇಪ್ಪತ್ತು ದಂಡ ಹೊಡೆಯಲು ಹೇಳಿದೆ, ಕಾರಣ ಹೇಳಲಿಲ್ಲ. ಅವಳೂ ಹೊಡೆದಳು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತ, "ಒಬ್ಬರೂ ಹೇಳಿಲ್ಲ ಅಂದ್ರೆ ಒಬ್ಬರಿಗೂ ಅನ್ನಿಸಿಲ್ಲ ಅಂತಲಾ?" ಎಂದು ಕೇಳಿ ಒಳಗೆ ಹೋದಳು. ಸ್ಕೂಟರ್‌ನವನ ಏಟಿಗಿಂತ ಇದು ಜೋರಿತ್ತು. ಕೊಡೆ, ಚೀಲ ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ.

ಮುಂದಿನ ಕ್ಲಾಸಿನಲ್ಲಿ ಬಾಯಲ್ಲೇ ಹೇಳಿದೆ. "ಬಲಸೊಂಟ ಮುಂದೆ, ಹಿಂಗಾಲಿನ ಹಿಮ್ಮಡಿ ಒತ್ತು." ಎರಡು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಸರಿಯಾಗಿ ನಿಂತಳು. ಅವಳ ಹೊಡೆತ ಇನ್ನೂ ಎಳೆಯದು, ಬ್ಲಾಕ್ ತಡವಾಗ್ತದೆ, ಬೆಲ್ಟ್ ಪರೀಕ್ಷೆಯಲ್ಲಿ ಪಾಸಾದದ್ದು ಕಷ್ಟದಲ್ಲಿ. ಆದರೂ ನನ್ನ ಕ್ಲಾಸಿನಲ್ಲಿ ಸೆಲ್ಫ್ ಡಿಫೆನ್ಸ್ ಬರುವವರು ಯಾರು ಎಂದು ಯಾರಾದರೂ ಕೇಳಿದರೆ ಅವಳನ್ನೇ ತೋರಿಸುತ್ತೇನೆ. ಅದನ್ನು ಅವಳು ಕಲಿತದ್ದು ನನ್ನಿಂದಲ್ಲ. ಅವಳ ಮನೆಯಲ್ಲಿ ಯಾರು ಕಲಿಸಿದರೋ, ಅವರೂ ಮೊದಲ ದಿನ ಬಂದವರು ಎಲ್ಲರ ಹಾಗೆ ಕರಾಟೆನೋ ಜೂಡೋನೋ ಎಂದೇ ಕೇಳಿದ್ದರು.

ಈಗ ಕ್ಲಾಸಿಗೆ ಒಂದು ಬಿದಿರಿನ ಕೋಲು ಒಯ್ಯುತ್ತೇನೆ. ಮೊಣಕೈ ಎಲ್ಲಿರಬೇಕು, ಹಿಮ್ಮಡಿ ಎಲ್ಲಿರಬೇಕು ಎಂದು ದೂರದಿಂದಲೇ ತೋರಿಸಲು ಅನುಕೂಲ. ಮೊನ್ನೆ ಹೊಸದಾಗಿ ಮಗನನ್ನು ಸೇರಿಸಲು ಬಂದ ಒಬ್ಬರು ಬಾಗಿಲಲ್ಲೇ ನಿಂತು ಅದನ್ನು ನೋಡಿ ಖುಷಿಯಾದರು.

"ಒಳ್ಳೇದಾಯ್ತು ಸರ್, ನಾಲ್ಕು ಬಿಗೀರಿ. ಮನೇಲಿ ನಮ್ಮ ಮಾತು ಕೇಳೋದೇ ಇಲ್ಲ."